ಗೋಣಿಮರದ ಎಲೆಗಂಟಿನ ಹುಳ

ದೊಡ್ಡ ಪುಟ್ಟಿ, ಚಿಕ್ಕ ಪುಟ್ಟ, ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಗೋಣಿಮರ ಇದೆಯಲ್ಲ, ಅದರ ಕಥೆ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ನನಗೆ ಸಂಕೋಚ.

ಹೋದ ವರ್ಷ ರೇಷ್ಮೆಹುಳುಗಳು ನಾಲ್ಕನೇ ಸಲ ಪೊರೆ ಕಳಚಿ, ಬಿಡದೆ ಸೊಪ್ಪು ತಿನ್ನುತ್ತಿದ್ದ ಸಮಯ. ಆ ಮರದ ಚಿಗುರೆಲೆಗಳು ಮಡಚಿಕೊಂಡು ಗಂಟುಗಂಟಾದವು. ಒಂದನ್ನು ಬಿಡಿಸಿದೆ. ಒಳಗೆ ಎಳ್ಳಿಗಿಂತ ಸಣ್ಣ ಕಪ್ಪು ನುಸಿಗಳು. ಅವುಗಳ ನಡುವೆ ತಿಗಣೆಯಂಥ ಒಂದು ಹುಳ. ಅದು ಮುಂಗೈಗೆ ಹತ್ತಿ ಚುಚ್ಚಿತು. ನನಗೇ ಹೀಗೆ ಉರಿದರೆ, ಇದು ರೇಷ್ಮೆ ಸಾಕುವ ಹುಳುಮನೆಗೆ ನುಗ್ಗಿದರೆ ಗತಿ?

ಮೈದುನನಿಗೆ ತೋರಿಸಿದೆ. "ಸಂಜೆಗೇ ಔಸ್ದಿ ಒಡ್ದ್‌ಬುಡ್ತೀನಿ ಕಣತ್ಗೆ."

"ಗಾಳಿ ತೋಟದ್ ಕಡೆಗೇ ಬೀಸ್ತಾದಲ್ಲಪ್ಪ. ಆ ಸೊಪ್ ತಿಂದ್ರೆ ಉಳ ಉಳ್ಕತವಾ?"

"ಇದ್ ಕಚ್ಚಿದ್ರೆ ಉಳ್ಕತವಾ? ಅದೇನಂತ ಕೇಳ್ಕಂಡ್ ಬಾ ಓಗು. ಸಂಜೆಗಂಟ ಕಾಯ್ತೀನಿ."

ಗಂಟುಗಟ್ಟಿದ ಎಲೆಗಳನ್ನು ಡಬ್ಬಿಗೆ ತುಂಬಿ ಕೊಳ್ಳೇಗಾಲದ ಬಸ್ಸು ಹತ್ತಿದೆ. ಬಸ್ಸು ತಡವಾಯಿತು. ರೇಷ್ಮೆ ಕಚೇರಿಯಲ್ಲಿ ಅಷ್ಟು ಗಂಡಸರ ಮುಂದೆ ತಲೆ ತಗ್ಗಿಸಿ, ಈ ಹುಳ ರೇಷ್ಮೆಹುಳವನ್ನು ತಿನ್ನುತ್ತದಾ ಎಂದಷ್ಟೇ ಕೇಳಿ, ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅಲ್ಲಿನ ಸಾಹೇಬರು ಮುಚ್ಚಳ ತೆಗೆದವರೇ ಘಾಟಿಗೆ ಮುಖ ಹಿಂದಕ್ಕೆಳೆದುಕೊಂಡರು.

"ಬ್ಲೀಚಿಂಗ್ ಪೌಡರಲ್ಲಿ ತೊಳೆದ್ರಾ ಈ ಡಬ್ಬೀನ?"

ಹುಳುಮನೆಯ ಪಾತ್ರೆಪಡಗವನ್ನೆಲ್ಲ ಹಾಗೇ ತೊಳೆದು ರೂಢಿ. ತಲೆಯಾಡಿಸಿದೆ.

"ಕಳ್ಳ ಯಾರು ಅಂತ ಕೇಳಕ್ ಬಂದು, ಕಳ್ಳನ್ನೇ ಸಾಯ್ಸ್ಕಂಡ್ ಬಂದಿದ್ದೀರಲ್ಲಮ್ಮ! ಸತ್ತಿದ್ದು ಏನು ತಿನ್ನುತ್ತೆ ಅಂತ ಹೆಂಗೆ ಹೇಳ್ಲಿ?"

ಎಲ್ಲರೂ ನಕ್ಕರು. ನನಗೆ ಕಣ್ಣ ಮುಂದೆ ಮೈದುನನ ಔಷಧಿ ಡ್ರಮ್ಮೇ ಕಾಣುತ್ತಿತ್ತು.

ಸಾಹೇಬರು ಬಿಗಿಯಾಗಿ ಮುಚ್ಚಿದ್ದ ಒಂದು ಗಂಟನ್ನು ಹುಡುಕಿ, ಸೂಜಿಯಲ್ಲಿ ಬಿಡಿಸಿ, ಭೂತಗನ್ನಡಿ ಹಿಡಿದರು. ನನ್ನನ್ನೂ ಕರೆದರು. ತಿಗಣೆಯಂಥ ಆ ಹುಳವೊಂದು ಬದುಕಿತ್ತು! ಸೂಜಿಯಂಥ ಮೂತಿಯನ್ನು ನುಸಿಯೊಂದಕ್ಕೆ ಚುಚ್ಚಿ ಹೀರುತ್ತಿತ್ತು.

"ಗಂಟು ಮಾಡೋದು ಆ ನುಸಿ. ಅದನ್ನ ತಿನ್ನಕ್ಕೇ ಇದು ಒಳಗೆ ಸೇರ್ಕೊಳ್ಳೋದು. ನಿಮ್ಮ ರೇಷ್ಮೆಹುಳದ ತಂಟೆಗೆ ಬರಲ್ಲ. ಔಷಧಿ ಹೊಡೀಬೇಡಿ."

ಅವರ ಫೋನಿನಿಂದಲೇ ಮೈದುನನಿಗೆ ಕರೆ ಮಾಡಿಸಿದೆ. ಆ ಕಡೆ ಭರ್ರೋ ಎಂಬ ಸದ್ದು.

"ಮಿಸಿನ್ ಆನ್ ಮಾಡ್ಬುಟ್ಟೆ ಅತ್ಗೆ, ಏನೂ ಕೇಳ್ಸಲ್ಲ!"

"ಆರ್ಸ್ಲಾ ಅದನ್ನ!" ಕಚೇರಿಯೇ ತಿರುಗಿ ನೋಡುವಂತೆ ಕೂಗಿದೆ. ಮೈದುನನನ್ನು ಎಂದೂ ಹಾಗೆ ಗದರಿದವಳಲ್ಲ.

ಸದ್ದು ನಿಂತಿತು. "ಇನ್ನೂ ಮರದ್ ತಾವ್ಕೆ ಓಗಿಲ್ಲ ಕಣತ್ಗೆ," ಅಂದ, ಮೆಲ್ಲಗೆ. ಫೋನನ್ನು ಸಾಹೇಬರಿಗೆ ಕೊಟ್ಟು ಡಬ್ಬಿ ಎತ್ತಿಕೊಂಡೆ.

ಆ ಸಲ ಹುಳುಗಳೆಲ್ಲ ಗೂಡು ಕಟ್ಟಿದವು. ಮಕ್ಕಳೇ, ಈ ಹಾಳೆಗಳನ್ನು ಹುಳುಮನೆಯ ಅಟ್ಟದಲ್ಲಿ ಮಾತ್ರ ಇಡಬೇಡಿ. ಆ ಬ್ಲೀಚಿಂಗ್ ಗಾಳಿಗೆ ಅಕ್ಷರವೂ ಉಳಿಯುವುದಿಲ್ಲ. ನಿಮ್ಮ ಬಟ್ಟೆಗಳ ಅಡಿಯಲ್ಲಿ ಜೋಪಾನ ಮಾಡಿ.