ರಾಗಿ ಕರಿಪಾಪ್

ಪರದೇಶದಲ್ಲಿ ನಾನಿರುವ ಕ್ಯಾರಲ್ಟನ್ ಊರಿನ ಏಷ್ಯನ್ ಅಂಗಡಿಯಲ್ಲಿ ತಿಂಡಿ ಮಾರಲು ಶನಿವಾರ ಒಂದು ಟೇಬಲ್ ಕೊಡುತ್ತಿದ್ದರು. ಅದು ನನಗೆ ಬೇಕೇಬೇಕಿತ್ತು. ಆದರೆ ಮಲೇಷ್ಯಾದ ಪೆನಾಂಗ್‌ನಿಂದ ಬಂದ ಅಂಗಡಿಯ ಒಡತಿ ಮೊದಲು ನನ್ನ ಕರಿಪಾಪ್ ತಿಂದು ಒಪ್ಪಬೇಕಿತ್ತು. ಆಲೂಗಡ್ಡೆ ಪಲ್ಯ ತುಂಬಿ ಎಣ್ಣೆಯಲ್ಲಿ ಕರಿಯುವ, ನಮ್ಮ ಕರ್ಜಿಕಾಯಿಯ ಆಕಾರದ ಮಲೇಷ್ಯಾದ ಬೀದಿ ತಿಂಡಿ ಅದು. ಲೈಬ್ರರಿ ಪುಸ್ತಕ ನೋಡಿ ಕಲಿತಿದ್ದೆ. ಮೈದಾ ಬಿಟ್ಟು ಗೋಧಿ, ರಾಗಿ ಬೆರೆಸಿ, ಕರಿಯದೆ ಓವನ್ನಿನಲ್ಲಿ ಬೇಯಿಸಿದ್ದೆ.

ಡಬ್ಬಿ ತೆರೆದಾಗ ಒಡತಿ ಕನ್ನಡಕ ಸರಿಮಾಡಿಕೊಂಡರು.

"ಸೀದು ಹೋಗಿದೆಯಲ್ಲಮ್ಮ."

"ಸೀದಿಲ್ಲ ಆಂಟಿ. ರಾಗಿ ಬಣ್ಣವೇ ಹಾಗೆ."

ಅಂಚಿನ ನೆರಿಗೆಯ ಮೇಲೆ ಬೆರಳಾಡಿಸಿದರು. "ಇದನ್ನ ಯಾರು ಕಲಿಸಿದ್ದು?"

"ನಮ್ಮಲ್ಲೂ ಕರ್ಜಿಕಾಯಿಗೆ ಹೀಗೇ ಮಡಚ್ತೀವಿ."

ಅವರು ನಿಧಾನವಾಗಿ ಅಗಿಯತೊಡಗಿದರು. ನಿಲ್ಲಲಾಗದೆ ನಾನು ಫ್ರೀಜರಿನವರೆಗೆ ಹೋಗಿ ಬಂದೆ, ಮತ್ತೆ ಹೋದೆ.

"ನೆರಿಗೆ ನಮ್ಮೂರಿನದು, ರುಚಿ ಆಸ್ಪತ್ರೆಯದು," ಎಂದರು. "ಟೇಬಲ್ ಕೊಡ್ತೀನಿ. ಆದರೆ ಇದನ್ನ ಕರಿಪಾಪ್ ಅನ್ನಬೇಡ. ಇಂಡಿಯನ್ ಬಿಸ್ಕೆಟ್ ಅಂತ ಬರಿ."

"ಹೆಸರು ಬದಲಾಯಿಸಲ್ಲ. ಬೇಕಾದರೆ ಟೇಬಲ್ ನೀವೇ ಇಟ್ಕೊಳ್ಳಿ."

ಹಾಗಂದು ಡಬ್ಬಿಯ ಮುಚ್ಚಳ ಹಾಕಿದೆ. ಅವರು ನನ್ನನ್ನೇ ನೋಡಿದರು.

"ನಮ್ಮ ಅತ್ತೆಯೂ ನಿನ್ನ ಹಾಗೇ ಹಟಮಾರಿ," ಎನ್ನುತ್ತ ಟೇಬಲ್ ಹಾಕುವ ಮೂಲೆ ತೋರಿಸಿದರು.

ಆಮೇಲಿನ ಶನಿವಾರಗಳಲ್ಲಿ ಮಲೇಷ್ಯಾದವರು ಬಂದು, ಇದು ಕರಿಪಾಪೇ ಅಲ್ಲವೆಂದು ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಬಾಯಿ ತುಂಬ ಅದನ್ನೇ ಇಟ್ಟುಕೊಂಡು ಜಗಳವಾಡುತ್ತಿದ್ದುದರಿಂದ ನನಗೆ ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ.