ಕೂದಲೆಳೆಯಷ್ಟು ಬಣ್ಣ

ಸಿದ್ರಾಮ ಕಾರಿನ ಪಾಲಿಶ್ ಕೆಲಸಕ್ಕೆ ಬೆಲೆ ಹೇಳುವ ರೀತಿ ಕಂಡು ತುಮಕೂರು ರಸ್ತೆಯ ಅರ್ಧ ಡೀಲರುಗಳು ಅವನನ್ನು ತಲೆಕೆಟ್ಟವನೆಂದೂ, ಉಳಿದರ್ಧ ಮಂದಿ ಪಕ್ಕಾ ಕಿಲಾಡಿಯೆಂದೂ ತೀರ್ಮಾನಿಸಿಬಿಟ್ಟಿದ್ದರು. ಚಿಕ್ಕ ಗಾಡಿಗೆ ಇಷ್ಟು, ದೊಡ್ಡ ಗಾಡಿಗೆ ಇಷ್ಟು ಎಂದು ಫೋನಿನಲ್ಲೇ ಹೇಳಿ ಮುಗಿಸುವುದು ಉಳಿದವರ ಪದ್ಧತಿ. ಇವನು ಮಾತ್ರ ಗಾಡಿಯ ಸುತ್ತ ಒಂದು ಸುತ್ತು ಬರಬೇಕು, ಬಾನೆಟ್ಟಿನ ಮೇಲೆ ಬಗ್ಗಬೇಕು, ಒಂದು ಕಣ್ಣು ಮುಚ್ಚಬೇಕು, ಬೆರಳಿನ ಹಿಂಬದಿಯಿಂದ ಸವರಬೇಕು. ಇಷ್ಟೆಲ್ಲ ಮಾಡಿ ಹೇಳುವ ಬೆಲೆಯಾದರೂ ಸರಿಯಿರುತ್ತಿತ್ತೇ? ಅದೂ ಉಲ್ಟಾ. ಮೈತುಂಬ ಗೀರು, ವರ್ಷಗಟ್ಟಲೆ ಯಾರೂ ಮುಟ್ಟದೆ ಮಸುಕು ಹಿಡಿದ ಗಾಡಿಗೆ ಕಡಿಮೆ ಹೇಳುವನು. ಈಗಾಗಲೇ ಥಳಥಳ ಎನ್ನುತ್ತಿರುವ ಗಾಡಿಗೆ ಅದರ ನಾಲ್ಕು ಪಟ್ಟು ಕೇಳುವನು. ಕಾರಣ ಕೇಳಿದರೆ "ಗಾಡಿ ಹಂಗದ್ರಿ" ಎಂಬುದಕ್ಕಿಂತ ಒಂದು ಅಕ್ಷರ ಹೆಚ್ಚು ಅವನ ಬಾಯಿಂದ ಹೊರಡುತ್ತಿರಲಿಲ್ಲ.

ಶೀತಲ್ ಮೂರನೆಯದೇ ಒಂದು ತೀರ್ಮಾನಕ್ಕೆ ಬಂದಿದ್ದಳು. ಅವಳ ಪ್ರಕಾರ ಈ ಮನುಷ್ಯನಿಗೆ ಲೆಕ್ಕ ಬರುವುದಿಲ್ಲ, ಅಷ್ಟೆ. ಟಿ. ದಾಸರಹಳ್ಳಿ ದಾಟಿದ ಮೇಲೆ ಎಡಕ್ಕೆ ಸಿಗುವ, ಮೂವತ್ತು ಹಳೆ ಕಾರು ನಿಲ್ಲುವ ಯಾರ್ಡು ಅವಳ ತಂದೆ ಈರಪ್ಪನವರದು. ದಾವಣಗೆರೆಯಿಂದ ಬಂದು ಇಪ್ಪತ್ತೆರಡು ವರ್ಷ ಅಲ್ಲಿ ವ್ಯಾಪಾರ ಮಾಡಿದ ಈರಪ್ಪನವರು ಈಗ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಕಾಲು ಚಾಚಿ ಕೂತಿದ್ದರು. "ಆರು ತಿಂಗಳು ನಡೆಸಿ ತೋರಿಸು, ಆಮೇಲೆ ಯಾರ್ಡು ನಿನ್ನದೇ" ಎಂದು ಮಗಳಿಗೆ ಹೇಳಿದ್ದರು. ಇಪ್ಪತ್ತೇಳರ ಮಗಳಿಗೆ ಅಷ್ಟು ಸಾಕಾಗಿತ್ತು. ಬಂದ ಮೊದಲ ವಾರವೇ ಟೈರು, ಬ್ಯಾಟರಿ, ಸೀಟ್ ಕವರು, ಎಲ್ಲದರ ದರವನ್ನೂ ಕಂಪ್ಯೂಟರಿಗೆ ಹಾಕಿ ಬಿಗಿ ಮಾಡಿದಳು. ಪಾಲಿಶ್ ಎಂದು ಬರೆದ ಸಾಲಿನ ಮುಂದೆ ಮಾತ್ರ ಏನು ಹಾಕುವುದೆಂದು ತಿಳಿಯದೆ ಖಾಲಿ ಉಳಿಯಿತು. ಖಾಲಿ ಬಿಟ್ಟು ನಿದ್ದೆ ಮಾಡುವ ಜಾಯಮಾನ ಅವಳದಲ್ಲ. ಮರುದಿನವೇ ಸಿದ್ರಾಮನನ್ನು ಕರೆಸಿದಳು.

"ಸಿದ್ರಾಮಣ್ಣ, ಒಂದು ಫಿಕ್ಸ್ ರೇಟ್ ಹೇಳ್ಬಿಡಿ. ಯಾವ ಗಾಡಿ ಕೊಟ್ರೂ ಅದೇ ರೇಟು."

"ಗಾಡಿ ನೋಡದ ಹ್ಯಾಂಗ ಹೇಳ್ಲಿರಿ ಅಕ್ಕಾರ?"

"ಪಕ್ಕದ ಯಾರ್ಡ್‌ಗೆ ಒಬ್ರು ಸಾವಿರದ ಇನ್ನೂರಕ್ಕೆ ಮಾಡ್ಕೊಡ್ತಿದಾರೆ. ಒಂದು ಗಂಟೇಲಿ ಗಾಡಿ ವಾಪಸ್ ಬರುತ್ತೆ."

"ಬರ್ತದ್ರಿ. ತಾಸಿನ್ಯಾಗ ಮಾಡ್ಲಿಕ್ಕ ಬರ್ತದ."

"ಹಾಗಾದ್ರೆ ನೀವೂ ಅಷ್ಟಕ್ಕೇ ಮಾಡಿ. ಆಗಲ್ಲ ಅಂದ್ರೆ ಹೇಳಿ, ಬೇಜಾರಿಲ್ಲ. ಅವ್ರಿಗೆ ಕೊಡ್ತೀನಿ."

ಸಿದ್ರಾಮ ಕಿಟಕಿಯಿಂದ ಯಾರ್ಡಿನ ಕಾರುಗಳ ಸಾಲನ್ನು ನೋಡಿದ. ಅವನ ಶೆಡ್ಡಿಗೆ ತಿಂಗಳಿಗೆ ಹದಿನೆಂಟು ಗಾಡಿ ಬಂದರೆ ಅದರಲ್ಲಿ ಹದಿನಾಲ್ಕು ಈ ಯಾರ್ಡಿನವೇ. ಇದೊಂದು ಕೈಬಿಟ್ಟರೆ ಶೆಡ್ಡಿಗೆ ಬೀಗ ಬೀಳುತ್ತಿತ್ತು. ಆಮೇಲೆ ಅವನಿಗೆ ಉಳಿದ ದಾರಿ ಒಂದೇ, ಪೀಣ್ಯದ ಬಫಿಂಗ್ ಯೂನಿಟ್ಟು.

ಆ ಯೂನಿಟ್ಟು ಅವನಿಗೆ ಹೊಸದಲ್ಲ. ಸುರಪುರದ ಕಡೆಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ಬಂದವನು ಹತ್ತು ವರ್ಷ ಅಲ್ಲಿ ಹಿತ್ತಾಳೆ ನಲ್ಲಿಗಳನ್ನು ತಿರುಗುವ ಚಕ್ರಕ್ಕೆ ಒತ್ತಿ ಹಿಡಿದು ಹೊಳಪು ಕೊಟ್ಟಿದ್ದ. ನಲ್ಲಿಯ ಮೇಲೆ ಬಿಳಿ ಲೋಹದ ತೆಳು ಲೇಪವಿರುತ್ತದೆ. ಒಂದು ಚೂರು ಹೆಚ್ಚು ಒತ್ತಿದರೆ ಲೇಪ ಹೋಗಿ ಒಳಗಿನ ಹಳದಿ ಇಣುಕಿತು ಎಂದೇ ಅರ್ಥ. ಅಲ್ಲಿನ ಮೇಸ್ತ್ರಿ ವೆಂಕಟೇಶಪ್ಪ ಬಯ್ಯುವ ಮನುಷ್ಯನಲ್ಲ, ಅದಕ್ಕಿಂತ ಕೆಟ್ಟವನು. ಕೆಟ್ಟ ನಲ್ಲಿಯನ್ನು ಕೆಡಿಸಿದವನ ತಲೆಯ ಮೇಲಿನ ಮೊಳೆಗೆ ತೂಗುಹಾಕಿ ಎಲ್ಲರಿಗೂ ಕಾಣುವಂತೆ ತಿಂಗಳಿಡೀ ಬಿಡುತ್ತಿದ್ದ. ಮೊದಲ ತಿಂಗಳು ಸಿದ್ರಾಮನ ತಲೆಯ ಮೇಲೆ ಮೂರು ನಲ್ಲಿ ತೂಗಿದವು. ಆಮೇಲಿನ ವರ್ಷಗಳಲ್ಲಿ ಒಂದೂ ಇಲ್ಲ. ಕೈ ಪಳಗಿತು, ಎದೆ ಕೆಟ್ಟಿತು. ಕೆಮ್ಮಿದರೆ ಕಪ್ಪು ಕಫ ಬೀಳುವುದನ್ನು ಕಂಡ ಹೆಂಡತಿ ಶೇಖವ್ವ, ಇನ್ನೊಂದು ದಿನ ಆ ಕಡೆ ಹೋದರೆ ತಾನು ಊರಿಗೆ ಹೋಗುವುದಾಗಿ ಹೇಳಿ ಅವನನ್ನು ಅಲ್ಲಿಂದ ಎಳೆದು ತಂದಿದ್ದಳು. ಹನ್ನೊಂದು ವರ್ಷದ ಹಿಂದೆ ಕಾರಿನ ಪಾಲಿಶ್ ಶುರುವಾದದ್ದು ಹಾಗೆ.

"ಆತ್ರಿ," ಎಂದ ಸಿದ್ರಾಮ. "ಹನ್ನೆರಡ್ನೂರು."

ಶೀತಲ್ ಖಾಲಿ ಸಾಲು ತುಂಬಿ, ಅಪ್ಪನಿಗೆ ಫೋನು ಹಚ್ಚಿದಳು. ಹನ್ನೊಂದು ವರ್ಷದಿಂದ ಅಪ್ಪನ ಕೈಲಾಗದ ಕೆಲಸವನ್ನು ಹತ್ತು ನಿಮಿಷದಲ್ಲಿ ಮಾಡಿದ ಹಿಗ್ಗು ಅವಳ ದನಿಯಲ್ಲಿತ್ತು.

"ಒಪ್ಪಿದ್ನಾ? ಸಿದ್ರಾಮ?" ಎಂದರು ಈರಪ್ಪ.

"ಹ್ಞೂಂ ಅಪ್ಪಾ. ಎರಡೇ ಮಾತು."

"ಸರಿಯಮ್ಮ ಹಾಗಾದ್ರೆ" ಎಂದಷ್ಟೇ ಹೇಳಿ ಅವರು ಫೋನಿಟ್ಟರು. ಶೀತಲ್ ಅದನ್ನು ಶಹಬ್ಬಾಸ್‌ಗಿರಿ ಎಂದೇ ತೆಗೆದುಕೊಂಡಳು.

ಎರಡು ವಾರ ಎಲ್ಲ ಸುಸೂತ್ರ. ಐದು ಗಾಡಿ ಹೋದವು, ಐದೂ ಹೇಳಿದ ದಿನಕ್ಕೆ ಬಂದವು. ಆರನೆಯದು ಕಪ್ಪು ಸೆಡಾನು. ಅದರ ಮೇಲೆ ಶೀತಲ್‌ಗೆ ಬೇರೆಯೇ ಮಮತೆ, ಏಕೆಂದರೆ ಯಾರನ್ನೂ ಕೇಳದೆ ತಾನೊಬ್ಬಳೇ ಹೋಗಿ ಕೊಂಡ ಮೊದಲ ಕಾರು ಅದು. ಬಣ್ಣದ ದಪ್ಪ ಅಳೆಯುವ ಅಂಗೈಯಗಲದ ಮೀಟರೊಂದನ್ನು ಅವಳು ಹೊಸದಾಗಿ ತರಿಸಿದ್ದಳು. ಗಾಡಿಯ ಮೈಗೆ ತಾಗಿಸಿದರೆ ಸಂಖ್ಯೆ ತೋರಿಸುತ್ತದೆ. ಸಂಖ್ಯೆ ಮುನ್ನೂರು ನಾನೂರು ಬಂತೋ, ಎಲ್ಲೋ ಗುದ್ದಿಸಿಕೊಂಡು ಮೇಲೆ ಬಣ್ಣ ಬಳಿದಿದ್ದಾರೆ ಎಂದು ಅರ್ಥ. ಈ ಕಪ್ಪು ಗಾಡಿ ಎಲ್ಲಿ ಅಳೆದರೂ ನೂರು ದಾಟಲಿಲ್ಲ. ಎಂಟು ವರ್ಷದ ಗಾಡಿ, ಒಂದು ಕಡೆಯೂ ಹೊಸ ಬಣ್ಣ ಕಂಡಿಲ್ಲ! ಮಾರುವವನು ಕೇಳಿದ್ದಕ್ಕೆ ಚೌಕಾಸಿಯಿಲ್ಲದೆ ಒಪ್ಪಿ ತಂದಿದ್ದಳು. ಸಿದ್ಧಾರ್ಥ್ ಎಂಬ ಗಿರಾಕಿ ಫೋಟೋ ನೋಡಿ ಮೆಚ್ಚಿ, ಭಾನುವಾರ ಬರುವುದಾಗಿ ಹೇಳಿದ್ದ.

ಮಂಗಳವಾರ ಪಾಲಿಶ್‌ಗೆ ಹೋದ ಗಾಡಿ ಬುಧವಾರ ಬರಲಿಲ್ಲ. ಗುರುವಾರ ಫೋನು ಮಾಡಿದರೆ "ಇನ್ನಾ ಕೆಲಸ ಅದ್ರಿ" ಎಂಬ ಉತ್ತರ. ಶುಕ್ರವಾರ ಮಧ್ಯಾಹ್ನ ಶೀತಲ್‌ಗೆ ರೇಗಿಹೋಯಿತು. ದರ ಇಳಿಸಿದ್ದಕ್ಕೆ ಹೀಗೆ ಸತಾಯಿಸಿ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು, ಅವನಿಗೆ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಸ್ಕೂಟರಿನಲ್ಲಿ ಶೆಡ್ಡಿಗೆ ಹೋದಳು.

ಶೆಡ್ಡಿನಲ್ಲಿ ಮೆಷಿನ್ನಿನ ಸದ್ದಿರಲಿಲ್ಲ. ಅದು ವೈರು ಸುತ್ತಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ಕಪ್ಪು ಗಾಡಿಯ ಅಂಚುಗಳಿಗೆಲ್ಲ ಟೇಪು ಅಂಟಿಸಿ, ಬಾನೆಟ್ಟಿನ ಆ ಕಡೆ ಸಿದ್ರಾಮ, ಈ ಕಡೆ ಶೇಖವ್ವ, ಎರಡು ಬೆರಳಿಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಕೈಯಿಂದಲೇ ಉಜ್ಜುತ್ತಿದ್ದರು. ಉಜ್ಜುತ್ತಿದ್ದರು ಎನ್ನುವುದೂ ಹೆಚ್ಚಾಯಿತು. ಮಲಗಿದ ಮಗುವಿನ ಹಣೆ ಒರೆಸುವಷ್ಟೇ ಒತ್ತು ಹಾಕುತ್ತಿದ್ದರು.

"ಮೆಷಿನ್ ಕೆಟ್ಟಿದ್ಯಾ?" ಎಂದಳು ಶೀತಲ್. ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ.

"ಇಲ್ರಿ. ಚಲೋ ಅದ."

"ಮತ್ತೆ?"

ಅವನಿಗಿಂತ ಮೊದಲು ಶೇಖವ್ವ ಬಾಯಿ ಬಿಟ್ಟಳು. "ನೀವಾ ಕೇಳ್ರಿ ಅಕ್ಕಾರ, ನೀವಾ ಕೇಳ್ರಿ! ನಾ ಹೇಳಿ ಹೇಳಿ ಸಾಕಾಗ್ಯದ. ಮೂರು ದಿನ ಆತು ಇಬ್ಬರೂ ಇದಕ್ಕ ಜೋತುಬಿದ್ದು. ಹನ್ನೆರಡ್ನೂರದಾಗ ಒಬ್ಬರ ಕೂಲಿನೂ ಹುಟ್ಟೂದಿಲ್ಲ. ಎಲ್ಲಾರ ಹಂಗ ಮೆಷಿನ್ ಹಚ್ಚಿ ಕೊಟ್ಟು ಕೈ ತೊಳ್ಕೋರಿ ಅಂದ್ರ ಕಿವ್ಯಾಗ ಹಾಕ್ಕೊಳ್ಳೂದಿಲ್ಲ."

"ಮೆಷಿನ್ ಹಚ್ಚಿದ್ರ ತಾಸಿನ್ಯಾಗ ಮುಗೀತದ್ರಿ," ಎಂದ ಸಿದ್ರಾಮ ತಲೆ ಎತ್ತದೆ. "ನಿಮ್ಮ ಗಿರಾಕಿ ಇದರಾಗ ಕನ್ನಡಿ ಹಂಗ ಮಾರಿ ನೋಡ್ಕೊಂಡು ಖುಷೀಲೆ ಒಯ್ತಾನ. ಬರೂ ಬ್ಯಾಸಿಗಿ ಮುಗಿಯೂದ್ರಾಗ ಮ್ಯಾಲಿನ ಬಣ್ಣ ಬೆಳ್ಳಗ ಪೊರಿ ಏಳ್ತದ."

"ಏನ್ ಸಿದ್ರಾಮಣ್ಣ ಹೀಗಂತೀರಾ? ಇದು ಒರಿಜಿನಲ್ ಬಣ್ಣ. ನಾನೇ ಮೀಟರ್ ಇಟ್ಟು ನೋಡಿದೀನಿ. ಎಲ್ಲೂ ಜಾಸ್ತಿ ಬರ್ಲಿಲ್ಲ."

"ಕಡಿಮಿ ಬಂತೇನ್ರಿ?"

ಬಂದಿತ್ತು. ಹೊಸ ಗಾಡಿಯ ಮೈಯಲ್ಲಿ ನೂರಿಪ್ಪತ್ತರ ಹತ್ತಿರ ಇರಬೇಕಾದ ಸಂಖ್ಯೆ ಇದರಲ್ಲಿ ಎಂಬತ್ತು, ತೊಂಬತ್ತು ಎಂದೆಲ್ಲ ತೋರಿಸಿತ್ತು. ಹೆಚ್ಚು ಬಂದರೆ ಮೋಸ ಎಂಬುದನ್ನಷ್ಟೇ ತಲೆಯಲ್ಲಿಟ್ಟುಕೊಂಡ ಶೀತಲ್, ಕಡಿಮೆ ಬಂದಷ್ಟೂ ಒಳ್ಳೆಯದೆಂದು ಹಿಗ್ಗಿದ್ದಳು. ಆ ವ್ಯಾಪಾರದಲ್ಲಿ ಮೀಟರು ಹಿಡಿದ ಪ್ರತಿಯೊಬ್ಬರೂ ಒಮ್ಮೆಯಾದರೂ ಹಾಗೆ ಹಿಗ್ಗಿ ಬೇಸ್ತು ಬಿದ್ದಿರುತ್ತಾರೆ, ಯಾರೂ ಹೊರಗೆ ಹೇಳುವುದಿಲ್ಲ.

"ಮೂರು ಡೀಲರ್ ಕೈಯಾಗ ಹಾದು ಬಂದದ್ರಿ ಇದು. ಮಾರೂ ಮುಂದ ಒಬ್ಬೊಬ್ಬರೂ ಒಮ್ಮೊಮ್ಮಿ ತಿಕ್ಕಿಸ್ಯಾರ. ಪಾಲಿಶ್ ಅಂದ್ರ ಹಚ್ಚೂದಲ್ರಿ ಅಕ್ಕಾರ, ತಗಿಯೂದು. ಗೀರು ಹೋಗ್ಬೇಕಂದ್ರ ಗೀರು ಎಷ್ಟು ಆಳ ಅದನೋ ಅಷ್ಟು ಸುತ್ತಲಿನ ಬಣ್ಣಾನೂ ಹೋಗ್ಬೇಕು. ಮತ್ತ ಬರೂದಿಲ್ಲ ಅದು."

"ಎಲ್ಲೆಲ್ಲಿ ಹೋಗಿದೆ? ತೋರ್ಸಿ ನೋಡೋಣ." ಅವಳ ದನಿಯಲ್ಲಿ ಇನ್ನೂ ಸ್ವಲ್ಪ ಸವಾಲಿತ್ತು. ಮೀಟರು ಚೀಲದಲ್ಲೇ ಇತ್ತು.

ಸಿದ್ರಾಮ ಬಟ್ಟೆ ಬಿಚ್ಚಿ ಬಾನೆಟ್ಟಿನ ಮೇಲೆ ಬೆರಳು ಇಡುತ್ತ ಹೋದ. "ಇಲ್ಲಿ ಇನ್ನೊಂದು ಸಲಕ್ಕ ತಡೀತದ. ಇಲ್ಲಿ ಸ್ವಲ್ಪ ಕಡಿಮಿ. ಇಲ್ಲಿ ಮುಟ್ಟಲೇಬಾರದು." ಶೀತಲ್ ಅವನ ಬೆರಳಿನ ಹಿಂದೆ ಹಿಂದೆ ಮೀಟರು ಇಟ್ಟಳು. ತೊಂಬತ್ತಾರು. ಎಂಬತ್ತೆಂಟು. ಎಪ್ಪತ್ತೊಂದು. "ಇಲ್ಲಿ ಮತ್ತ ಏರ್ತದ ನೋಡ್ರಿ" ಎಂದು ಅವನು ಬೆರಳನ್ನು ಎರಡು ಅಂಗುಲ ಈಚೆ ಸರಿಸಿದ. ಎಪ್ಪತ್ತೊಂಬತ್ತು. ಅವಳು ಬೇಕೆಂದೇ ತಾನೊಂದು ಜಾಗ ಆರಿಸಿ, ಮೊದಲು ಅವನ ಬಾಯಿಂದ ಹೇಳಿಸಿ, ಆಮೇಲೆ ಅಳೆದಳು. ಇನ್ನೊಂದು ಜಾಗ, ಮತ್ತೊಂದು. ಡಿಕ್ಕಿಯ ಮೇಲೆ, ಬಾಗಿಲ ಮಡಿಕೆಯಲ್ಲಿ. ಒಂಬತ್ತು ಕಡೆ ಅಳೆದಳು. ಒಂಬತ್ತೂ ಅವನು ಹೇಳಿದ ಅನುಕ್ರಮದಲ್ಲೇ ಬಂದವು.

ಅವಳು ಮೀಟರಿನ ಪರದೆಯನ್ನೇ ನೋಡಿದಳು. ಆ ಮೀಟರಿನ ಒಂದು ಅಂಕೆ ಎಂದರೆ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲೊಂದು ಪಾಲು. ಗಾಡಿಯ ಇಡೀ ಬಣ್ಣ, ಕೆಳಗಿನ ಲೇಪದಿಂದ ಮೇಲಿನ ಹೊಳಪಿನವರೆಗೆ ಎಲ್ಲ ಸೇರಿ, ಒಂದೆರಡು ಕೂದಲೆಳೆಯ ದಪ್ಪ. ಅಪ್ಪ ಇಪ್ಪತ್ತೆರಡು ವರ್ಷ ನಡೆಸಿದ ಯಾರ್ಡು, ಸಾಲುಸಾಲು ಗಾಡಿ, ಗಿರಾಕಿ ನೋಡಿ ಮರುಳಾಗುವ ಥಳಕು, ಎಲ್ಲವೂ ನಿಂತಿರುವುದು ಆ ಕೂದಲೆಳೆಯ ಮೇಲೆ. ಅದರೊಳಗೂ ಎಲ್ಲಿ ಎಷ್ಟು ಸವೆದಿದೆ ಎಂದು ಈ ಮನುಷ್ಯ ಬರಿಗಣ್ಣಿನಲ್ಲಿ ಹೇಳುತ್ತಿದ್ದಾನೆ.

"ಇದು ನಿಮ್ಗೆ ಹೇಗ್ ಗೊತ್ತಾಗುತ್ತೆ?" ಎಂದಳು. ದನಿ ತಾನಾಗಿ ಇಳಿದಿತ್ತು.

ಸಿದ್ರಾಮ ಯೋಚಿಸಿದ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿದಂತಿರಲಿಲ್ಲ. "ಹ್ಯಾಂಗ ಹೇಳೂದ್ರಿ? ಬೆಳಕು ಬ್ಯಾರೆ ನಮೂನಿ ಕುಂದರ್ತದ. ದಪ್ಪ ಇದ್ದಲ್ಲಿ ಒಳಗಿಳೀತದ. ತೆಳ್ಳಗಿದ್ದಲ್ಲಿ ಮ್ಯಾಲಿಂದ ಮ್ಯಾಲ ಜಾರತದ."

ಶೀತಲ್‌ಗೆ ಆಗ ಅವನ ಹನ್ನೊಂದು ವರ್ಷದ ಉಲ್ಟಾ ಬೆಲೆಗಳೆಲ್ಲ ನೆಟ್ಟಗೆ ಕಂಡವು. ಯಾರೂ ಮುಟ್ಟದೆ ಮಸುಕಾದ ಗಾಡಿಯಲ್ಲಿ ಬಣ್ಣ ಭರ್ತಿ ಇರುತ್ತದೆ, ಧೈರ್ಯವಾಗಿ ಮೆಷಿನ್ ಹಚ್ಚಿದರೆ ಮುಗಿಯಿತು, ಅದಕ್ಕೇ ಕಡಿಮೆ. ಥಳಥಳಿಸುವ ಗಾಡಿ ಆಗಲೇ ಸವೆದು ನಿಂತಿರುತ್ತದೆ, ಅಲ್ಲಿ ದಿನಗಟ್ಟಲೆ ಕೈ ತಡೆದು ಕೆಲಸ ಮಾಡಬೇಕು, ಅದಕ್ಕೇ ಹೆಚ್ಚು. ಬೇರೆಯವರು ತಾವು ತೆಗೆದದ್ದಕ್ಕೆ ದುಡ್ಡು ಕೇಳುತ್ತಿದ್ದರು, ಇವನು ಉಳಿಸಿದ್ದಕ್ಕೆ ಕೇಳುತ್ತಿದ್ದ. ಇಂಥವನಿಗೆ ಲೆಕ್ಕ ಬರುವುದಿಲ್ಲ ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಅಲ್ಲ, ಹನ್ನೆರಡು ನೂರಕ್ಕೆ ಒಪ್ಪಿದ ಮೇಲೆ ಅಷ್ಟಕ್ಕೆ ತಕ್ಕ ಹಾಗೆ ಮಾಡ್ಬಹುದಿತ್ತಲ್ವಾ? ನಂಗೆ ಎಲ್ಲಿ ಗೊತ್ತಾಗ್ತಿತ್ತು?"

"ರೇಟ್ ನೀವು ಕಡಿಮಿ ಮಾಡಬಹುದ್ರಿ," ಎಂದು ಸಿದ್ರಾಮ ಬೆರಳಿಗೆ ಮತ್ತೆ ಬಟ್ಟೆ ಸುತ್ತಿಕೊಂಡ. "ಬಣ್ಣ ಇದ್ದಷ್ಟ ಇರ್ತದಲ್ರಿ."

ಶೇಖವ್ವ "ಕೇಳಿದ್ರೇನ್ರಿ?" ಎಂಬಂತೆ ಶೀತಲ್ ಕಡೆ ನೋಡಿ ತಲೆ ಚಚ್ಚಿಕೊಂಡಳು. ಚಚ್ಚಿಕೊಂಡು, ತಾನೂ ಬಗ್ಗಿ ಕೆಲಸಕ್ಕೆ ಹತ್ತಿದಳು.

ಶನಿವಾರ ಬೆಳಿಗ್ಗೆ ಸಿದ್ರಾಮನೇ ಗಾಡಿಯನ್ನು ಯಾರ್ಡಿಗೆ ತಂದ. ಕನ್ನಡಿಯ ಹೊಳಪಿರಲಿಲ್ಲ. ಸಣ್ಣಪುಟ್ಟ ಗೀರುಗಳನ್ನು ಅವನು ಹಾಗೆಯೇ ಬಿಟ್ಟಿದ್ದ. ಆದರೂ ಕಪ್ಪು ಬಣ್ಣಕ್ಕೆ ಒಂದು ತಂಪು ಬಂದಿತ್ತು, ನೋಡಿದಷ್ಟೂ ನೋಡಬೇಕೆನಿಸುತ್ತಿತ್ತು. ಬಣ್ಣ ತೆಳುವಾಗಿರುವುದನ್ನು ನಾಳೆ ಸಿದ್ಧಾರ್ಥ್‌ಗೆ ಹೇಳಿಯೇ, ಬೆಲೆ ಇಳಿಸಿಯೇ ಮಾರುವುದೆಂದು ಶೀತಲ್ ನಿರ್ಧರಿಸಿದ್ದಳು. ಲಾಭ ಹೋಗುತ್ತಿತ್ತು, ಅದನ್ನು ಅಪ್ಪನಿಗೂ ಹೇಳಬೇಕಿತ್ತು. ಬೆಳಿಗ್ಗೆ ಬಂದವಳೇ ಕಂಪ್ಯೂಟರಿನಲ್ಲಿ ಪಾಲಿಶ್ ಸಾಲಿನ ಮುಂದಿದ್ದ ಸಂಖ್ಯೆಯನ್ನು ಅಳಿಸಿದ್ದಳು.

"ಇದಕ್ಕೆ ನೀವು ನಿಮ್ಮ ಲೆಕ್ಕದಲ್ಲಿ ಎಷ್ಟು ಹೇಳ್ತಿದ್ರಿ?" ಎಂದು ಕೇಳಿದಳು.

"ನಾಕು ಸಾವಿರ ಹೇಳ್ತಿದ್ದೆ."

ಶೀತಲ್ ನಾಲ್ಕು ಸಾವಿರ ಎಣಿಸಿ ಮುಂದೆ ಹಿಡಿದಳು. ಸಿದ್ರಾಮ ಸಾವಿರದ ಇನ್ನೂರು ಇಟ್ಟುಕೊಂಡು ಉಳಿದದ್ದನ್ನು ಅವಳ ಕೈಗೇ ತಿರುಗಿ ಕೊಟ್ಟ.

"ಇದರ ಮಾತು ಆಗಿಹೋಗ್ಯದ್ರಿ ಅಕ್ಕಾರ. ಮುಂದಿನ ಗಾಡಿ ಯಾವುದು, ತೋರಸ್ರಿ."

ಅವಳು ಸಾಲಿನ ಕೊನೆಯ ಬೂದು ಬಣ್ಣದ ಕಾರಿನ ಬಳಿ ಅವನನ್ನು ಕರೆದೊಯ್ದಳು. ಮೀಟರು ಆಫೀಸಿನ ಮೇಜಿನ ಮೇಲೆಯೇ ಉಳಿಯಿತು. ಸಿದ್ರಾಮ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಬಗ್ಗಿ ಒಂದು ಕಣ್ಣು ಮುಚ್ಚಿದ. ತನ್ನ ನೆರಳು ಬಾನೆಟ್ಟಿನ ಮೇಲೆ ಬೀಳುತ್ತಿರುವುದು ಶೀತಲ್‌ಗೆ ಆಗ ಕಂಡಿತು. ಅವಳು ಸದ್ದಾಗದಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಅವನು ಬೆಲೆ ಹೇಳುವವರೆಗೂ ಕಾದು ನಿಂತಳು.