ಅಜ್ಜಿ ತೊಳೆದ ಔಷಧದ ಸೀಸೆ

ಆಗೆಲ್ಲ ಆಸ್ಪತ್ರೆಗೆ ಹೋಗುವವರು ಔಷಧಕ್ಕೆ ಸೀಸೆಯನ್ನು ಮನೆಯಿಂದಲೇ ಒಯ್ಯಬೇಕಿತ್ತು. ಕಾಂಪೌಂಡರು ಔಷಧ ತುಂಬಿ, ಸೀಸೆಯ ಹೊರಗೆ ಉದ್ದನೆಯ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಅದರ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿರುತ್ತಿದ್ದರು. ಔಷಧದ ಮಟ್ಟ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಇಳಿದರೆ ಅದು ಒಂದು ಹೊತ್ತಿನದು.

ನನಗೆ ಒಂಬತ್ತು ವರ್ಷ. ಕೋಲಾರದಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾನ್ವೆಂಟಿಗೆ ಹೋಗುತ್ತಿದ್ದವಳು, ದಸರಾ ರಜಕ್ಕೆ ದೇವರಾಯಸಮುದ್ರದ ನಮ್ಮ ಮನೆಗೆ ಬಂದಿದ್ದೆ. ಬಂದ ವಾರದಲ್ಲೇ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ, ಮಧ್ಯಾಹ್ನವಾದರೆ ನಡುಕ. ಕುರಿವಾಸನೆಯ ಮೂರು ಕಂಬಳಿ ಹೊದಿಸಿದರೂ ಮಂಚ ಅಲ್ಲಾಡುತ್ತಿತ್ತು.

ಅಪ್ಪನ ತಾಯಿ, ನಮ್ಮಜ್ಜಿ, ಹೇಳಿಬಿಟ್ಟರು: "ಸೋಮವಾರ ಇಸ್ಕೂಲು ತೆಗೆಯೋದ್ರೊಳಗೆ ಜ್ವರ ನಿಲ್ಲದಿದ್ರೆ ಇವಳು ಇಲ್ಲೇ ಇರ್ಲಿ. ಹೆಣ್ಣುಹುಡುಗಿ, ಓದಿದ್ದು ಸಾಕು." ಅಪ್ಪ ಎದುರಾಡಲಿಲ್ಲ. ನಾನು ಕಂಬಳಿಯೊಳಗೇ ಬೆರಳು ಮಡಿಸಿ ದಿನ ಎಣಿಸಿದೆ.

ಅಪ್ಪ ಮುಳಬಾಗಿಲಿನ ಆಸ್ಪತ್ರೆಯಿಂದ ಕ್ವಿನೈನು ಔಷಧ ತಂದಿಟ್ಟು ಕೆಲಸದ ಮೇಲೆ ಪರವೂರಿಗೆ ಹೊರಟರು. "ಊರೋರೆಲ್ಲ ಮುಟ್ಟಿದ್ದು," ಎಂದು ಅಜ್ಜಿ ಸೀಸೆಯನ್ನು ಬಾವಿಕಟ್ಟೆಯ ತೊಟ್ಟಿಯಲ್ಲಿ ಮುಳುಗಿಸಿಟ್ಟರು. ಸ್ವಲ್ಪ ಹೊತ್ತಿಗೆ ಪಟ್ಟಿ ಬಿಟ್ಟುಕೊಂಡು ನೀರಿನ ಮೇಲೆ ತೇಲಿತು.

"ಅಯ್ಯೋ ಅತ್ತೇ, ಈಗ ಎಷ್ಟು ಕುಡಿಸೋದು? ಹೆಚ್ಚಾದ್ರೆ ಕಿವಿ ಹೋಗುತ್ತಂತೆ!" ಅಮ್ಮ ಅಳುವಂತಾದಳು.

ಅಜ್ಜಿ ಅದುವರೆಗೆ ಆಸ್ಪತ್ರೆಯ ಹೊಸಿಲು ತುಳಿದವರೇ ಅಲ್ಲ. ಬೆಳಗ್ಗೆ ಗಾಡಿ ಕಟ್ಟಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಸೀಸೆ ಅವರ ಮಡಿಲಲ್ಲೇ ಇತ್ತು.

ಕಾಂಪೌಂಡರು ಸೀಸೆ ತಿರುಗಿಸಿ ನೋಡಿದರು. "ಏನಮ್ಮಾ, ಔಷಧಕ್ಕೂ ತಲೆಗೆ ಎರೆದ್ಬಿಟ್ರಾ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

"ನಗಪ್ಪಾ, ನಗು. ಮೊದ್ಲು ಆ ಚೀಟಿ ಅಂಟ್ಸು." ಆಮೇಲೆ ಅಜ್ಜಿ ದನಿ ತಗ್ಗಿಸಿದರು. "ಸೋಮವಾರದೊಳಗೆ ನಿಲ್ಲುತ್ತೆ ತಾನೆ? ನನ್ನಿಂದ ಹುಡುಗೀಗೆ ಇಸ್ಕೂಲು ತಪ್ಪಬಾರ್ದು ಕಣಪ್ಪಾ."

"ಹೊತ್ತುಹೊತ್ತಿಗೆ ಕುಡಿಸಿ, ನಿಲ್ಲುತ್ತೆ. ಸೀಸೆಗೆ ಮಾತ್ರ ಸ್ನಾನ ಬೇಡ."

ಅಂದಿನಿಂದ ಅಜ್ಜಿಯೇ ಔಷಧ ಕುಡಿಸಿದರು. ಸೀಸೆ ತೊಳೆಯುವಂತಿಲ್ಲವಲ್ಲ, ಅದನ್ನು ಮುಟ್ಟಿದಾಗಲೆಲ್ಲ ತಾವೇ ತಣ್ಣೀರು ಸುರಿದುಕೊಂಡರು. ದಿನಕ್ಕೆ ಮೂರು ಸಲ.

ಭಾನುವಾರ ಜ್ವರದ ಸರದಿ. ಕಂಬಳಿಗಳನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಅಜ್ಜಿಯೂ ಕಾದೆವು. ಮಧ್ಯಾಹ್ನ ಕಳೆಯಿತು, ಬಿಸಿಲು ಜಗಲಿಯಿಂದ ಇಳಿಯಿತು.

"ಅಜ್ಜೀ, ಹಸಿವು."

ಅಜ್ಜಿ ಎದ್ದ ರಭಸಕ್ಕೆ ಕಂಬಳಿಗಳು ಉರುಳಿದವು. ಒಳಗಿನಿಂದ ಮೆಣಸಿನ ಸಾರಿಗೆ ತುಪ್ಪದ ಒಗ್ಗರಣೆ ಘಮ್ಮೆಂದಿತು.

ಮರುದಿನ ನನಗೆ ಜಡೆ ಹಾಕಿದವರೂ ಅವರೇ. "ಬೇಗ ಹೊರಡೇ, ಹೊತ್ತಾಯ್ತು!" ಎಂದು ಬೈದವರೂ ಅವರೇ.

ಈಗ ಜ್ವರ ಬಂದರೆ ಎರಡು ಮಾತ್ರೆ ನುಂಗಿ, ಸಂಜೆಗೆ ಎದ್ದು ಅಡುಗೆ ಮಾಡುತ್ತೇನೆ. ಒಳ್ಳೆಯದೇ ಆಯಿತು. ಆದರೆ ನಾನು ಕಹಿ ನುಂಗುವಾಗ ಅಜ್ಜಿಯ ಹಾಗೆ ಎದುರಿಗೆ ಕೂತು, ತಾವೂ ಮುಖ ಕಿವುಚಿ, ನನ್ನ ಜೊತೆಗೇ ಬರಿಯ ಗುಟುಕು ನುಂಗುವವರು ಈಗಿಲ್ಲ.